ಬೆಲೆ ಸ್ಥಿರೀಕರಣ ನಿಧಿ: ಕಾಫಿ ಕಣದಿಂದ ಈರುಳ್ಳಿ ಚೀಲಕ್ಕೆ

ಈರುಳ್ಳಿ ದುಬಾರಿಯಾದ ವಾರ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ತಕ್ಕಡಿಯ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಎರಡು ಕಿಲೋ ಕೊಳ್ಳುತ್ತಿದ್ದ, ತೋಟದ ಕಾರ್ಮಿಕರ ಲೈನ್ ಮನೆಯ ಹೆಂಗಸು ಅರ್ಧ ಕಿಲೋ ಕೇಳುತ್ತಾಳೆ. ರಾಶಿಯಲ್ಲಿ ಸಣ್ಣ ಗಡ್ಡೆಗಳನ್ನೇ ಹುಡುಕಿ ಆರಿಸುತ್ತಾಳೆ, ಅದೇ ತೂಕಕ್ಕೆ ನಾಲ್ಕು ಹೆಚ್ಚು ಬರಲಿ ಎಂದು. ಇಂಥ ದಿನಗಳಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಪದ ‘ಬೆಲೆ ಸ್ಥಿರೀಕರಣ ನಿಧಿ’.

ಸ್ಥಿರವಲ್ಲದ್ದನ್ನು ಸ್ಥಿರಗೊಳಿಸುವುದು ಸ್ಥಿರೀಕರಣ. ಹಾಗೆಂದು ಈ ನಿಧಿ ಅಂಗಡಿಯ ದರವನ್ನು ನಿಗದಿ ಮಾಡುವುದಿಲ್ಲ. ಸುಗ್ಗಿಯಲ್ಲಿ ಬೆಲೆ ಇಳಿದಿರುವಾಗ ಕೇಂದ್ರ ಸರ್ಕಾರ ಇದರ ಹಣದಿಂದ ನಾಫೆಡ್, ಎನ್‌ಸಿಸಿಎಫ್ ಎಂಬ ಸಹಕಾರ ಸಂಸ್ಥೆಗಳ ಮೂಲಕ ಈರುಳ್ಳಿ, ಬೇಳೆಕಾಳುಗಳನ್ನು ಕೊಂಡಿಡುತ್ತದೆ. ಇದು ಕಾಪು ದಾಸ್ತಾನು. ಹಳೆಯ ಬೆಳೆ ಮುಗಿದು ಹೊಸದು ಬರುವ ಮುನ್ನ ದರ ಏರತೊಡಗಿದರೆ ಅದನ್ನು ಮಾರುಕಟ್ಟೆಗೆ ಬಿಡುತ್ತದೆ. ಏರಿಕೆಯ ಸುಳಿವು ಹಿಡಿಯಲು ಗ್ರಾಹಕ ವ್ಯವಹಾರಗಳ ಇಲಾಖೆ ದೇಶದ ಸುಮಾರು 550 ಕೇಂದ್ರಗಳಿಂದ ದಿನವೂ ದರ ತರಿಸಿಕೊಳ್ಳುತ್ತದೆ. 22 ಪದಾರ್ಥಗಳಿದ್ದ ಆ ಪಟ್ಟಿ 2024ರ ಆಗಸ್ಟ್‌ನಲ್ಲಿ 38ಕ್ಕೆ ಬೆಳೆಯಿತು.

ಕೊಡಗಿನ ಹಿರಿಯ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ, ಆದರೆ ಅವರು ಕೇಳಿದ್ದು ಬೇರೆಯದೇ ಅರ್ಥದಲ್ಲಿ. ಶತಮಾನದ ಆರಂಭದಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲಕಚ್ಚಿದಾಗ, 2003ರಲ್ಲಿ, 500 ಕೋಟಿ ರೂಪಾಯಿಯ ಇದೇ ಹೆಸರಿನ ನಿಧಿ ಬಂದಿತ್ತು. ಕಾಫಿ, ಚಹಾ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗೆ, ಅಂದರೆ 4 ಹೆಕ್ಟೇರ್‌ವರೆಗೆ ಜಮೀನು ಇದ್ದವರಿಗೆ ಅದು ಮೀಸಲಾಗಿತ್ತು. ಬೆಲೆ ಚೆನ್ನಾಗಿದ್ದ ವರ್ಷ ಬೆಳೆಗಾರ ತನ್ನ ಖಾತೆಗೆ 1,000 ರೂಪಾಯಿ ಕಟ್ಟಬೇಕಿತ್ತು. ಬೆಲೆ ಕುಸಿದ ವರ್ಷ ಸರ್ಕಾರ ಅಷ್ಟೇ ಹಣ ಹಾಕಬೇಕಿತ್ತು. ಆಲೋಚನೆ ಒಳ್ಳೆಯದೇ. ಆದರೆ ಆ ಮೊತ್ತ ಒಂದು ಎಕರೆ ತೋಟದ ಕೊಯ್ಲಿನ ಕೂಲಿಗೂ ಸಾಲುವಂಥದ್ದಲ್ಲ.

2014-15ರಲ್ಲಿ ಮತ್ತೆ 500 ಕೋಟಿಯೊಂದಿಗೆ ಶುರುವಾದ ನಿಧಿ ಮೊದಲು ಈರುಳ್ಳಿ, ಆಲೂಗಡ್ಡೆಯ ಕಡೆ ನೋಡಿತು. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋದ ಮೇಲೆ ಬೇಳೆಕಾಳಿನ ದಾಸ್ತಾನೂ ಸೇರಿಕೊಂಡಿತು. 2016ರ ಏಪ್ರಿಲ್‌ನಲ್ಲಿ ನಿಧಿ ಕೃಷಿಯಿಂದ ಗ್ರಾಹಕ ವ್ಯವಹಾರಗಳ ಇಲಾಖೆಗೆ ವರ್ಗವಾಯಿತು. ಬೆಲೆ ಬೀಳದಂತೆ ಬೆಳೆದವರನ್ನು ಕಾಯಲು ಹುಟ್ಟಿದ್ದ ಹೆಸರು ಬೆಲೆ ಏರದಂತೆ ಕೊಳ್ಳುವವರನ್ನು ಕಾಯುವ ಕೆಲಸಕ್ಕೆ ಬಂತು. ಕೊಡಗಿನ ಎಷ್ಟೋ ಮನೆಗಳಲ್ಲಿ ಈ ಇಬ್ಬರೂ ಒಬ್ಬರೇ: ಕಣದಲ್ಲಿ ಕಾಫಿ ಒಣಗಿಸಿ ಮಾರುವವರು, ಬೇಳೆ, ಎಣ್ಣೆ, ಈರುಳ್ಳಿಯನ್ನು ಕೊಂಡು ತಿನ್ನುವವರು.

ದಾಸ್ತಾನು ಎಲ್ಲಿಗೆ ಮೊದಲು ತಲುಪುತ್ತದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಿಲೋಗೆ 35 ರೂಪಾಯಿಯ ಈರುಳ್ಳಿ ಮಾರಾಟ ಆರಂಭವಾದದ್ದು ದೆಹಲಿ, ಮುಂಬೈಯಲ್ಲಿ. ಅಕ್ಟೋಬರ್‌ನಲ್ಲಿ ನಾಸಿಕ್‌ನಿಂದ 1,600 ಟನ್ ಈರುಳ್ಳಿ ದೆಹಲಿಗೆ ರೈಲಿನಲ್ಲೇ ಹೋಯಿತು. ಕೊಡಗಿಗೆ ರೈಲು ಮಾರ್ಗವೇ ಇಲ್ಲ. ಇಲ್ಲಿಗೆ ಬರುವ ಪ್ರತಿ ಚೀಲವೂ ಲಾರಿಯಲ್ಲೇ ಬೆಟ್ಟ ಹತ್ತಬೇಕು, ಆ ಬಾಡಿಗೆ ದರಕ್ಕೆ ಸೇರುತ್ತದೆ. ದೊಡ್ಡ ನಗರಗಳ ಸಗಟು ದರ ಇಳಿದು, ಅದರ ಪರಿಣಾಮ ನಿಧಾನವಾಗಿ ಇಲ್ಲಿಗೆ ತಲುಪುವವರೆಗೆ ಬಟವಾಡೆ ಹಣದಲ್ಲಿ ಸಂತೆ ಮಾಡುವವರು ಕಾಯಬೇಕು. ಊರೂರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘಗಳಿವೆ. ಗೊಬ್ಬರದ ಚೀಲ ಇಳಿಸುವ ಆ ಜಗಲಿಯ ಮೇಲೆ, ದರ ಏರಿದ ತಿಂಗಳು, ಈರುಳ್ಳಿ ಚೀಲವನ್ನೂ ಇಳಿಸಬಹುದು.