941 ಬಂದರೆ ನಿಮ್ಮ ಗಿಗಾಬಿಟ್ ಕಾರ್ಡ್ ಸರಿಯಾಗಿಯೇ ಇದೆ

ಕಂಪ್ಯೂಟರನ್ನು ಕೇಬಲ್ ಮೂಲಕ ನೆಟ್‌ವರ್ಕಿಗೆ ಜೋಡಿಸುವ ಕಾರ್ಡಿನ ಡಬ್ಬಿ ಮೇಲೆ 1000 ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್) ಅಂತಿದೆ. ಲಿನಕ್ಸಿನಲ್ಲಿ ಕಾರ್ಡಿನ ಸ್ಥಿತಿ ತೋರಿಸುವ ಈಥ್‌ಟೂಲ್ ಓಡಿಸಿದರೆ ಅದೂ 1000 ಅನ್ನುತ್ತದೆ. ಎರಡು ಕಂಪ್ಯೂಟರ್‌ಗಳ ನಡುವೆ ಡೇಟಾ ಕಳಿಸಿ ವೇಗ ಅಳೆಯುವ ಐಪರ್ಫ್3 ಹಾಕಿ ನೋಡಿದರೆ ಮಾತ್ರ 941. ಉಳಿದ 59 ಎಲ್ಲಿ ಹೋಯಿತು ಅಂತ ಜನ ಡ್ರೈವರ್ ಬದಲಿಸುತ್ತಾರೆ, ದುಬಾರಿ ಕೇಬಲ್ ತರುತ್ತಾರೆ. ದಯವಿಟ್ಟು ಸುಮ್ನೆ ದುಡ್ಡು ಸುರಿಯಬೇಡಿ. ಎಲ್ಲೂ ಸೋರಿಲ್ಲ, ಬಿಟ್ ಬಿಟ್‌ಗೂ ಲೆಕ್ಕ ಸಿಗುತ್ತದೆ.

ಈಥ್‌ಟೂಲ್ ಹೇಳುವುದು ಕಾರ್ಡ್ ಮತ್ತು ಕೇಬಲ್ಲಿನ ಆಚೆ ತುದಿಯ ಸ್ವಿಚ್ (ಯಂತ್ರಗಳನ್ನು ಜೋಡಿಸುವ ಪೆಟ್ಟಿಗೆ) ಒಪ್ಪಿಕೊಂಡ ವೇಗ. ಐಪರ್ಫ್3 ಅಳೆಯುವುದು ಇನ್ನೊಂದು ಕಂಪ್ಯೂಟರಿನ ಪ್ರೋಗ್ರಾಮಿಗೆ ತಲುಪಿದ ಡೇಟಾ ಮಾತ್ರ. ತೆಂಗಿನಕಾಯಿ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ ಲಾರಿಯ ತೂಕವೂ ಸೇರಿ ಬರುತ್ತದೆ, ಅಲ್ವಾ? ವ್ಯಾಪಾರಿಗೆ ಬೇಕಾದದ್ದು ಕಾಯಿಯ ತೂಕ.

ಈಗ ಲಾರಿಯನ್ನೇ ತೂಗೋಣ. ಕೇಬಲ್ಲಿನಲ್ಲಿ ಡೇಟಾ ಹೋಗುವುದು ಈಥರ್ನೆಟ್ ಫ್ರೇಮ್ ಎಂಬ ಪೊಟ್ಟಣಗಳಲ್ಲಿ. ಒಂದು ಫ್ರೇಮಿನ ಹೊಟ್ಟೆಯಲ್ಲಿ 1500 ಬೈಟ್ ಹಿಡಿಸುತ್ತದೆ. ಅದರಲ್ಲಿ ಕಳಿಸುವವರ, ಪಡೆಯುವವರ ವಿಳಾಸ ಹೊತ್ತ ಐಪಿ ಹೆಡರ್‌ಗೆ 20, ಡೇಟಾದ ಕ್ರಮ ನೋಡಿಕೊಳ್ಳುವ ಟಿಸಿಪಿ ಹೆಡರ್‌ಗೆ 20, ಲಿನಕ್ಸ್ ತಾನಾಗಿ ಸೇರಿಸುವ ಟೈಮ್‌ಸ್ಟ್ಯಾಂಪ್‌ಗೆ 12. ನಮ್ಮ ಡೇಟಾಗೆ ಉಳಿದದ್ದು 1448. ಹೊಟ್ಟೆಯ ಹೊರಗೆ ಇನ್ನೂ ಇದೆ: ಈಥರ್ನೆಟ್ ಹೆಡರ್ 14, ಕೊನೆಯ ಚೆಕ್‌ಸಮ್ 4, ಫ್ರೇಮ್ ಬರ್ತಿದೆ ಅಂತ ಎಚ್ಚರಿಸುವ ಪ್ರಿಯಾಂಬಲ್ 8. ಆಮೇಲೆ ಮುಂದಿನ ಫ್ರೇಮಿಗೆ ಮುಂಚೆ 12 ಬೈಟಿನಷ್ಟು ಬಿಡುವು. ಒಟ್ಟು 1538. 1448ನ್ನು 1538ರಿಂದ ಭಾಗಿಸಿ ಸಾವಿರದಿಂದ ಗುಣಿಸಿ: 941!

ಆ 12 ಬೈಟಿನ ಬಿಡುವು ನನಗೆ ತುಂಬಾ ಇಷ್ಟ. ಗಿಗಾಬಿಟ್‌ನಲ್ಲಿ ಅದು ಬರೀ 96 ನ್ಯಾನೊಸೆಕೆಂಡ್. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಈಥರ್ನೆಟ್ ನಿಯಮ ಹೊರಡಿಸಿದಾಗ ದಪ್ಪನೆಯ ಒಂದೇ ಕೇಬಲ್ಲಿಗೆ ಹತ್ತಾರು ಯಂತ್ರಗಳು ಜೋತುಬಿದ್ದಿದ್ದವು. ಒಂದು ಫ್ರೇಮ್ ಮುಗಿದ ಮೇಲೆ ಅವು ಸುಧಾರಿಸಿಕೊಳ್ಳಲು ಹೊತ್ತು ಬೇಕಿತ್ತು. ಈಗ ಒಂದು ಕೇಬಲ್ಲಿಗೆ ಎರಡೇ ತುದಿ. ಆದರೂ ಬಿಡುವು ಹೋಗಿಲ್ಲ. 1500ರ ಮಿತಿಯೂ ಆ ಕಾಲದ್ದೇ. ದಾರಿಯಲ್ಲಿರುವ ಎಲ್ಲ ಯಂತ್ರಗಳೂ ಒಪ್ಪಿದರೆ ಅದನ್ನು 9000ಕ್ಕೆ ಏರಿಸಬಹುದು, ಆಗ 990ರ ಹತ್ತಿರ ಸಿಗುತ್ತದೆ.

ನಿಜವಾಗಿ ಗಾಬರಿಯಾಗಬೇಕಾದದ್ದು 94 ಬಂದಾಗ. ಅದೇ ಲೆಕ್ಕ, ಆದರೆ 100 ಎಂಬಿಪಿಎಸ್‌ನದ್ದು. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ, ಒಂದು ತಂತಿ ಪಿನ್ ಮುಟ್ಟದಿದ್ದರೂ ಲಿಂಕ್ 100ಕ್ಕೆ ಇಳಿಯಬಹುದು. ಇಂಟರ್‌ನೆಟ್ ನಡೆಯುತ್ತಲೇ ಇರುತ್ತದೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಈಥ್‌ಟೂಲ್‌ನ ಸ್ಪೀಡ್ ಸಾಲು ನೋಡಿ, 100 ಅಂತಿದ್ದರೆ ಮೊದಲು ಕೇಬಲ್ ಬದಲಿಸಿ. 1000 ಇದ್ದು, ಐಪರ್ಫ್3ನಲ್ಲಿ ಎರಡೂ ದಿಕ್ಕಿಗೆ 941 ಬಂದು, ಫೈಲ್ ಕಾಪಿ ಮಾತ್ರ ನಿಧಾನವಾದರೆ ಹುಡುಕಬೇಕಾದದ್ದು ಡಿಸ್ಕಿನಲ್ಲಿ ಅಥವಾ ಪ್ರೊಸೆಸರ್‌ನಲ್ಲಿ.