ಕಟ್ಟಡ ನಗರದಲ್ಲಿ, ಸಂಬಳದ ತೆರಿಗೆ ರಾಜ್ಯಕ್ಕೆ: ನ್ಯೂ ಹೇವನ್‌ನ ಹಳೆಯ ಲೆಕ್ಕ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ಸ್ಥಿರಾಸ್ತಿಯ ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚಿನ ಪಾಲಿಗೆ ತೆರಿಗೆಯೇ ಇಲ್ಲ. ಯೇಲ್ ವಿಶ್ವವಿದ್ಯಾಲಯದ ತರಗತಿ, ಹಾಸ್ಟೆಲ್, ಲ್ಯಾಬು, ಪಕ್ಕದ ದೊಡ್ಡ ಆಸ್ಪತ್ರೆ, ಸರ್ಕಾರಿ ಕಟ್ಟಡ, ಚರ್ಚು ಎಲ್ಲವೂ ವಿನಾಯಿತಿ ಪಟ್ಟಿಯಲ್ಲಿವೆ. ಆ ರಾಜ್ಯದ ಊರುಗಳ ಕೈಯಲ್ಲಿರುವ ದೊಡ್ಡ ತೆರಿಗೆ ಆಸ್ತಿ ತೆರಿಗೆಯೊಂದೇ. ಆದಾಯ ತೆರಿಗೆ, ಮಾರಾಟ ತೆರಿಗೆ ಹಾಕುವ ಅಧಿಕಾರ ಅವಕ್ಕಿಲ್ಲ. ಲ್ಯಾಬಿಗೆ ಬೆಂಕಿ ಬಿದ್ದರೆ ಫೈರ್ ಎಂಜಿನ್ ಮಾತ್ರ ನಗರದ ಖರ್ಚಿನಲ್ಲೇ ಹೋಗಬೇಕು.

ಯೇಲ್ ಮೇಲೆ ನೇರವಾಗಿ ತೆರಿಗೆ ಹಾಕಬಾರದೇ? ವಿನಾಯಿತಿಯ ಬೇರು 1745ರ ಸನ್ನದಿನಲ್ಲಿದೆ. 1818ರ ರಾಜ್ಯ ಸಂವಿಧಾನ ಆ ಸನ್ನದನ್ನು ಎತ್ತಿಹಿಡಿಯಿತು. ವರ್ಷಕ್ಕೆ 6,000 ಡಾಲರ್ ದಾಟಿ ಆದಾಯ ತರುವ ಆಸ್ತಿಗೆ ವಿನಾಯಿತಿ ಇಲ್ಲ ಎಂಬ ಮಿತಿ 1834ರಲ್ಲಿ ಬಂತು. ಆ ಮಿತಿಯನ್ನೇ ಹಿಡಿದು 2016ರಲ್ಲಿ ಮಸೂದೆ ತಂದರು, ದತ್ತಿನಿಧಿಯ ಮೇಲೆ ತೆರಿಗೆ ಹಾಕುವ ಇನ್ನೊಂದನ್ನೂ ತಂದರು. ಎರಡೂ ಬಿದ್ದುಹೋದವು. ಈ ಗದ್ದಲದ ನಡುವೆ ಫ್ಲಾರಿಡಾದ ಗವರ್ನರ್ ‘ನಮ್ಮಲ್ಲಿಗೆ ಬನ್ನಿ’ ಎಂದು ಯೇಲ್‌ಗೆ ಆಹ್ವಾನ ಕಳಿಸಿದ್ದರು!

ಹಾಗಾಗಿ ನಗರಕ್ಕೆ ಆಗುವ ನಷ್ಟವನ್ನು ರಾಜ್ಯವೇ ಒಂದಿಷ್ಟು ತುಂಬಿಕೊಡುವ ವ್ಯವಸ್ಥೆ 1978ರಲ್ಲಿ ಶುರುವಾಯಿತು. ತೆರಿಗೆಗೆ ಬದಲಾಗಿ ಕೊಡುವ ಈ ಹಣಕ್ಕೆ ಅಲ್ಲಿ ‘ಪೈಲಟ್’ ಎಂಬ ಹೆಸರು. ಖಾಸಗಿ ಕಾಲೇಜು ಮತ್ತು ಆಸ್ಪತ್ರೆಗಳ ಆಸ್ತಿಗೆ ಕಾನೂನಿನ ಪ್ರಮಾಣ ಏರುತ್ತಾ ಶೇ 77ಕ್ಕೆ ತಲುಪಿತು. ಚರ್ಚು, ಮ್ಯೂಸಿಯಂಗಳು ಇದರಲ್ಲಿ ಸೇರುವುದಿಲ್ಲ.

ಒಂದು ಕಟ್ಟಡದ ಮೇಲೆ ಲೆಕ್ಕ ಹಾಕಿ ನೋಡೋಣ. ಮಾರುಕಟ್ಟೆ ಬೆಲೆ 10 ಕೋಟಿ ಡಾಲರ್ ಎಂದುಕೊಳ್ಳಿ. ಕನೆಕ್ಟಿಕಟ್‌ನಲ್ಲಿ ಬೆಲೆಯ ಶೇ 70ರಷ್ಟನ್ನು ಮಾತ್ರ ತೆರಿಗೆಗೆ ಹಿಡಿಯುವುದರಿಂದ ಅದು 7 ಕೋಟಿ. ಸಾವಿರಕ್ಕೆ 40 ಡಾಲರ್ ದರವಿದ್ದರೆ ತಪ್ಪಿಹೋಗುವ ತೆರಿಗೆ ವರ್ಷಕ್ಕೆ 28 ಲಕ್ಷ. ಅದರ ಶೇ 77 ಎಂದರೆ 21.56 ಲಕ್ಷ ಡಾಲರ್ ನಗರಕ್ಕೆ ಬರಬೇಕು. ಆದರೆ ಶಾಸನಸಭೆ ಬಜೆಟ್‌ನಲ್ಲಿ ಅಷ್ಟು ಹಣ ಇಡದಿದ್ದರೆ ಇದ್ದದ್ದನ್ನೇ ಎಲ್ಲ ಊರುಗಳಿಗೂ ಅವವುಗಳ ಪಾಲಿನಂತೆ ಕತ್ತರಿಸಿ ಹಂಚುತ್ತಾರೆ. 2010ರ ದಶಕದ ಕೊನೆಗೆ ಸಿಗುತ್ತಿದ್ದದ್ದು ಆ 77ರ ಅರ್ಧಕ್ಕೂ ಕೆಳಗಿಳಿದಿತ್ತು.

ನಗರಕ್ಕೆ ಆದಾಯ ತೆರಿಗೆಯಲ್ಲೇ ಪಾಲು ಕೊಡಿ ಎನ್ನುವ ವಾದ ಹುಟ್ಟುವುದು ಇಲ್ಲಿಂದ. ಗವರ್ನರ್ ಲೊವೆಲ್ ವೈಕರ್ ಕಾಲದಲ್ಲಿ, 1991ರಲ್ಲಿ, ಕನೆಕ್ಟಿಕಟ್ ಸಂಬಳದ ಮೇಲೆ ತೆರಿಗೆ ಹಾಕತೊಡಗಿತು. ವರ್ಷಕ್ಕೆ 1 ಲಕ್ಷ ಡಾಲರ್ ಸಂಬಳದ, ಒಂಟಿಯಾಗಿರುವ ನೌಕರ ಈಗ ರಾಜ್ಯಕ್ಕೆ ಕಟ್ಟುವುದು ಸುಮಾರು 5,000 ಡಾಲರ್. ಅಂಥ 1,000 ಜನ ಆಸ್ಪತ್ರೆಯಲ್ಲಿ ದುಡಿದರೆ ರಾಜ್ಯಕ್ಕೆ 50 ಲಕ್ಷ. ಅವರಲ್ಲಿ ಎಷ್ಟೋ ಮಂದಿ ಸಂಜೆ ಕಾರು ಹತ್ತಿ ಗಿಲ್‌ಫರ್ಡ್, ಬ್ರಾನ್‌ಫರ್ಡ್ ಕಡೆಯ ಮನೆಗೆ ಹೋಗುವವರು. ಮನೆಯ ತೆರಿಗೆ ಆ ಊರಿಗೆ, ಸಂಬಳದ ತೆರಿಗೆ ರಾಜ್ಯಕ್ಕೆ. ಸಂಸ್ಥೆ ಬೆಳೆದಷ್ಟೂ ರಾಜ್ಯದ ಬೊಕ್ಕಸ ತುಂಬುತ್ತದೆ, ನಗರದ ವಿನಾಯಿತಿ ಪಟ್ಟಿ ಉದ್ದವಾಗುತ್ತದೆ. ಹಾಗಿದ್ದ ಮೇಲೆ ಪರಿಹಾರವನ್ನು ಕಟ್ಟಡದ ಬೆಲೆಗೆ ಕಟ್ಟಿಹಾಕುವ ಬದಲು ಸಂಬಳದ ತೆರಿಗೆಯ ಒಂದು ಪಾಲಾಗಿಯೇ ಕೊಡಿ ಎನ್ನುವುದು ನ್ಯಾಯವಾದ ಕೇಳಿಕೆ.

ಓಹಾಯೊದಲ್ಲಿ ಇದಕ್ಕೆ ರಾಜ್ಯದ ಮುಂದೆ ಕೈಚಾಚಬೇಕಿಲ್ಲ. ಅಲ್ಲಿ ಕೆಲಸ ಮಾಡುವ ಊರೇ ಸಂಬಳದ ಮೇಲೆ ತೆರಿಗೆ ಹಾಕಬಹುದು. ಕ್ಲೀವ್‌ಲ್ಯಾಂಡ್‌ನ ದರ ಶೇ 2.5. ಆಸ್ಪತ್ರೆಗೆ ವಿನಾಯಿತಿ ಇದ್ದರೂ ಅದರ ನರ್ಸು, ಡಾಕ್ಟರುಗಳ ಸಂಬಳಕ್ಕಿಲ್ಲ. ಫಿಲಡೆಲ್ಫಿಯಾ ಕೂಡ ಹೊರಗಿನಿಂದ ಬಂದು ದುಡಿಯುವವರಿಂದ, ನಮ್ಮ ವೃತ್ತಿ ತೆರಿಗೆಯ ಹಾಗೆ ಸಂಬಳದಲ್ಲೇ, ಆದರೆ ಸುಮಾರು ಶೇ 3.4ರಷ್ಟು ಮುರಿದುಕೊಳ್ಳುತ್ತದೆ.

ರಾಜ್ಯವೇ ಹಂಚುವುದಾದರೆ ಸೂತ್ರ ಎಚ್ಚರದಿಂದ ಬರೆಯಬೇಕು. ವಿಸ್ಕಾನ್ಸಿನ್ 1911ರಲ್ಲಿ ಆದಾಯ ತೆರಿಗೆ ತಂದಾಗ ಶೇ 70 ಊರಿಗೆ, ಶೇ 20 ಕೌಂಟಿಗೆ, ಶೇ 10 ಮಾತ್ರ ರಾಜ್ಯಕ್ಕೆ ಎಂದಿತ್ತು. ಕೇಳಲು ಚೆಂದ. ಆದರೆ ತೆರಿಗೆ ಎಲ್ಲಿಂದ ಬಂತೋ ಅಲ್ಲಿಗೇ ಮರಳುವ ಈ ಪದ್ಧತಿಯಲ್ಲಿ ಶ್ರೀಮಂತರು ವಾಸಿಸುವ ಉಪನಗರಗಳು ಕೊಬ್ಬಿದವು. 1970ರ ದಶಕದ ಆರಂಭದಲ್ಲಿ ಅದನ್ನು ಕೈಬಿಟ್ಟು ಅಗತ್ಯ ನೋಡಿ ಹಂಚತೊಡಗಿದರು. ಇಲಿನಾಯ್ 1969ರಲ್ಲಿ ಆದಾಯ ತೆರಿಗೆಯ ಹನ್ನೆರಡರಲ್ಲಿ ಒಂದು ಭಾಗವನ್ನು ಊರುಗಳಿಗೆ ಎತ್ತಿಟ್ಟಿತು, ಹಂಚಿಕೆ ಮಾತ್ರ ತಲೆಲೆಕ್ಕದ ಮೇಲೆ. ಆಸ್ಪತ್ರೆ ಹೊತ್ತ ಊರಿಗೂ ಹೊರದ ಊರಿಗೂ ತಲೆಗೆ ಒಂದೇ ಮೊತ್ತ.

ಕನೆಕ್ಟಿಕಟ್ ಈ ದಾರಿ ಹಿಡಿಯಲಿಲ್ಲ. ನ್ಯೂ ಹೇವನ್‌ನ ಸೆನೆಟರ್ ಮಾರ್ಟಿನ್ ಲೂನಿ ಒತ್ತಾಯದ ಮೇರೆಗೆ 2021ರಲ್ಲಿ ಪೈಲಟ್‌ಗೆ ಮೂರು ಹಂತ ಮಾಡಿದರು. ತಲೆವಾರು ಆಸ್ತಿ 1 ಲಕ್ಷ ಡಾಲರಿಗಿಂತ ಕಡಿಮೆ ಇರುವ ಊರಿಗೆ ಕನಿಷ್ಠ ಶೇ 50, 2 ಲಕ್ಷದವರೆಗೆ 40, ಮೇಲಿನವಕ್ಕೆ 30. ಆ ಲೆಕ್ಕದಲ್ಲಿ, 28 ಲಕ್ಷ ತೆರಿಗೆ ತಪ್ಪುವ ನಮ್ಮ ಕಟ್ಟಡಕ್ಕೆ ಬಡ ನಗರಕ್ಕೆ ಕನಿಷ್ಠ 14 ಲಕ್ಷ ಸಿಗುತ್ತಿತ್ತು. ಅದೇ ವರ್ಷ ಯೇಲ್ ಆರು ವರ್ಷಗಳಲ್ಲಿ ಸುಮಾರು 13.5 ಕೋಟಿ ಡಾಲರ್ ಕೊಡಲು ಒಪ್ಪಿತು. ಅದು ಸ್ವಇಚ್ಛೆಯ ಹಣ, ಅವಧಿ ಮುಗಿದರೆ ಮತ್ತೆ ಮಾತುಕತೆ.

ಸಂಬಳದ ತೆರಿಗೆಯಲ್ಲಿ ಪಾಲು ಕೊಡಲು ಹೊರಟರೆ ಮೊದಲು ಎಡವುವುದು ಕಾಗದದಲ್ಲೇ. ಸಂಬಳದಲ್ಲಿ ಹಿಡಿದ ತೆರಿಗೆಯನ್ನು ಸಂಸ್ಥೆ ಒಂದೇ ನೋಂದಣಿ ಸಂಖ್ಯೆಯಲ್ಲಿ ಒಟ್ಟಾಗಿ ಕಟ್ಟುತ್ತದೆ. ಐದು ಊರುಗಳಲ್ಲಿ ಶಾಖೆಯಿರುವ ಆಸ್ಪತ್ರೆಯಾದರೆ ಯಾವ ಊರಿನಿಂದ ಎಷ್ಟು ಎಂಬುದು ಆ ಮೊತ್ತದಿಂದ ತಿಳಿಯದು. ಕೆಲಸದ ಜಾಗವಾರು ನೌಕರರ ಸಂಖ್ಯೆ ಮತ್ತು ಸಂಬಳ ಇರುವುದು ಕಾರ್ಮಿಕ ಇಲಾಖೆಗಳಿಗೆ ಮೂರು ತಿಂಗಳಿಗೊಮ್ಮೆ ಹೋಗುವ ‘ಮಲ್ಟಿಪಲ್ ವರ್ಕ್‌ಸೈಟ್ ರಿಪೋರ್ಟ್’ನಲ್ಲಿ. ಆದರೆ ಅದು ಅಂಕಿಅಂಶಕ್ಕೆಂದು ಗೌಪ್ಯವಾಗಿ ಪಡೆಯುವ ಮಾಹಿತಿ, ತೆರಿಗೆ ಹಂಚಲು ಅಲ್ಲ. ಮನೆಯಿಂದಲೇ ಕೆಲಸ ಮಾಡುವ ನೌಕರನನ್ನು ಯಾವ ಊರಿನ ಸಾಲಿಗೆ ಬರೆಯಬೇಕು ಎನ್ನುವ ಜಗಳ ಕೋವಿಡ್ ನಂತರ ಓಹಾಯೊದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು.