ಕತ್ತರಿ ಕೇಳುತ್ತಾ ತಿರುಗುವ ಮೆಡಿಕ್: ‘ಬಾಸ್ತೋನ್’ ಕಂತು ನೋಡಿ ಬರೆದ ಟಿಪ್ಪಣಿ

‘ಬ್ಯಾಂಡ್ ಆಫ್ ಬ್ರದರ್ಸ್’ ಎಂಬ ಯುದ್ಧದ ಧಾರಾವಾಹಿಯ ಈ ಕಂತನ್ನು ಮೊದಲ ಸಲ ನೋಡಿದಾಗ ನನ್ನ ಗಮನವೆಲ್ಲ ಶೆಲ್ ಬೀಳುವ ಸದ್ದಿನ ಮೇಲೇ ಇತ್ತು. ಮುಗಿದ ಮೇಲೆ ಎದೆಬಡಿತ ಇಳಿಯಲಿಲ್ಲ, ಎದ್ದು ಜಗಲಿಗೆ ಹೋಗಿ ನಿಂತೆ. ಹೊರಗೆ ಆಟಿಯ ಮಳೆ. ತೋಟದಲ್ಲಿ ಕಂಗಿನ ಸೋಗೆ ಬಿದ್ದ ಸದ್ದಿಗೂ ಬೆಚ್ಚಿದೆ. ಮರುದಿನ ಲ್ಯಾಪ್‌ಟಾಪಿನ ಸದ್ದು ಪೂರ್ತಿ ನಿಲ್ಲಿಸಿ ಇನ್ನೊಮ್ಮೆ ನೋಡಿದೆ. ಆಗ ಕಂಡದ್ದು ಒಬ್ಬನ ಎರಡು ಕೈಗಳು. ಆ ಕೈಗಳ ಬಗ್ಗೆಯೇ ಈ ಟಿಪ್ಪಣಿ.

ನರ್ಸಿಂಗ್ ಮೂರನೆಯ ವರ್ಷದ ನಮ್ಮ ಗುಂಪಿಗೆ, ಅದರಲ್ಲೂ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ಮಂಗಳೂರಿಗೆ ಓದಲು ಹೋಗುವವರಿಗೆ ಬರೆದಿದ್ದೇನೆ. ಕಂತು ನೋಡದವರು ಮೊದಲು ನೋಡಿ, ಆಮೇಲೆ ಓದಿ. ಕಥೆಯ ಕೊನೆಯವರೆಗೂ ಇಲ್ಲಿ ಮಾತಾಡಿದ್ದೇನೆ.

ಹಿನ್ನೆಲೆ, ಬೇಕಾದಷ್ಟು ಮಾತ್ರ

‘ಬ್ಯಾಂಡ್ ಆಫ್ ಬ್ರದರ್ಸ್’ 2001ರಲ್ಲಿ ಬಂದ ಹತ್ತು ಕಂತುಗಳ ಧಾರಾವಾಹಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ 101ನೇ ಏರ್‌ಬೋರ್ನ್ ಡಿವಿಜನ್ನಿನ ಈಸಿ ಕಂಪನಿ ಎಂಬ ಪ್ಯಾರಾಟ್ರೂಪರ್ ತುಕಡಿಯ ನಿಜ ಕಥೆ. ಆರನೆಯ ಕಂತು ‘ಬಾಸ್ತೋನ್’. ಅದರ ನಡುವೆ ನಿಂತವನು ಯೂಜೀನ್ ರೋ ಎಂಬ ಮೆಡಿಕ್, ಅಂದರೆ ಯುದ್ಧ ನಡೆಯುವಲ್ಲೇ ಗಾಯಾಳುಗಳಿಗೆ ಮೊದಲ ಚಿಕಿತ್ಸೆ ಕೊಡುವ ಸೈನಿಕ.

ಪ್ಯಾರಾಟ್ರೂಪರ್ ಎಂದರೆ ವಿಮಾನದಿಂದ ಹಾರಿ ಶತ್ರುವಿನ ಬೆನ್ನ ಹಿಂದೆ ಇಳಿಯುವ ಸೈನಿಕ. ಮೈಮೇಲೆ ಹೊತ್ತದ್ದಷ್ಟೇ ಅವನ ಆಸ್ತಿ. ಕೆಲವು ದಿನ ತಡೆದು ನಿಂತರೆ ಹಿಂದಿನಿಂದ ದೊಡ್ಡ ಸೈನ್ಯ ಬಂದು ಕೂಡಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಅವನನ್ನು ಕಳಿಸುತ್ತಾರೆ. ಬಾಸ್ತೋನ್‌ಗೆ ಮಾತ್ರ ಇವರು ಹಾರಿ ಬಂದವರಲ್ಲ. 1944ರ ಡಿಸೆಂಬರ್ 16ರಂದು ಜರ್ಮನ್ ಸೈನ್ಯ ಬೆಲ್ಜಿಯಂನ ಆರ್ಡೆನ್ ಕಾಡಿನೊಳಗಿಂದ ನುಗ್ಗಿತು. ಫ್ರಾನ್ಸಿನಲ್ಲಿ ವಿಶ್ರಾಂತಿಯಲ್ಲಿದ್ದ ಇವರನ್ನು ಅವಸರದಲ್ಲಿ ಲಾರಿಗಳಿಗೆ ತುಂಬಿ ಕಳಿಸಿದರು. ಚಳಿಗಾಲದ ಬಟ್ಟೆ ಸಾಕಷ್ಟಿಲ್ಲ, ಗುಂಡೂ ಸಾಕಷ್ಟಿಲ್ಲ. ಏಳು ರಸ್ತೆಗಳು ಬಂದು ಸೇರುವ ಊರು ಬಾಸ್ತೋನ್. ಆ ರಸ್ತೆಗಳು ಎರಡೂ ಸೈನ್ಯಗಳಿಗೆ ಬೇಕಾಗಿದ್ದವು. ಡಿಸೆಂಬರ್ 20ರ ಹೊತ್ತಿಗೆ ಊರಿಗೆ ಸುತ್ತಲೂ ಮುತ್ತಿಗೆ ಬಿತ್ತು.

ಕಂತು ಬಿಡಿಸಿ ಹೇಳದ ಒಂದು ಸಂಗತಿ ನಮಗೆ ಮುಖ್ಯ. ಡಿಸೆಂಬರ್ 19ರ ರಾತ್ರಿ ಊರಿನ ಪಶ್ಚಿಮಕ್ಕೆ ಒಂದು ಕೂಡುರಸ್ತೆಯಲ್ಲಿ ಬೀಡುಬಿಟ್ಟಿದ್ದ ಈ ಡಿವಿಜನ್ನಿನ ವೈದ್ಯಕೀಯ ಕಂಪನಿಯೇ ಜರ್ಮನ್ನರ ಕೈಗೆ ಸಿಕ್ಕಿತು. ಶಸ್ತ್ರವೈದ್ಯರು, ಔಷಧಿ, ಉಪಕರಣ ಎಲ್ಲ ಒಂದೇ ರಾತ್ರಿಯಲ್ಲಿ ಹೋಯಿತು. ಮಂಜು ಕವಿದು ವಿಮಾನವೂ ಹಾರುತ್ತಿರಲಿಲ್ಲ. 23ರಂದು ಆಕಾಶ ತೆರೆದ ಮೇಲೆ ಇನ್ನೂರಕ್ಕೂ ಹೆಚ್ಚು ವಿಮಾನಗಳು ಪ್ಯಾರಾಶೂಟಿನಲ್ಲಿ ಸಾಮಗ್ರಿ ಇಳಿಸಿದವು. 26ರಂದು ಗ್ಲೈಡರಿನಲ್ಲಿ (ಎಂಜಿನ್ ಇಲ್ಲದ ವಿಮಾನ) ಶಸ್ತ್ರವೈದ್ಯರ ತಂಡ ಬಂದಿಳಿಯಿತು, ಅದೇ ದಿನ ದಕ್ಷಿಣದಿಂದ ಟ್ಯಾಂಕುಗಳು ಬಂದು ಮುತ್ತಿಗೆ ಒಡೆದವು. ರೋ ಯಾಕೆ ಸೈನಿಕರು ಅಡಗಿ ಕೂತ ಗುಂಡಿಯಿಂದ ಗುಂಡಿಗೆ ಹೋಗಿ ಕತ್ತರಿ ಇದೆಯಾ, ಮಾರ್ಫಿನ್ (ಬಲವಾದ ನೋವಿನ ಮದ್ದು) ಇದೆಯಾ, ಬ್ಯಾಂಡೇಜ್ ಇದೆಯಾ ಎಂದು ಬೇಡುತ್ತಾನೆ ಎಂಬುದಕ್ಕೆ ಉತ್ತರ ಆ 19ರ ರಾತ್ರಿಯಲ್ಲಿದೆ.

ದಾರಿ ಕಟ್ಟಾಗುವುದು ಎಂದರೇನು ಎಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನಿನಿಂದ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಅರ್ಧಕ್ಕೆ ನಿಂತಿತ್ತು, ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಬಿದ್ದಿತ್ತು. ನೆರೆಮನೆಯ ಅಜ್ಜನಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಹೋಗಬೇಕಾದ ದಿನ ಬೆಳಿಗ್ಗೆ ಅವರು ಇಸ್ತ್ರಿ ಅಂಗಿ ಹಾಕಿ, ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತಿದ್ದರು. ಯುದ್ಧವನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಔಷಧಿ ಇರುವುದು ಇಷ್ಟು ಹತ್ತಿರದಲ್ಲಿ, ತಲುಪುವ ದಾರಿ ಇಲ್ಲ ಎಂಬ ಸ್ಥಿತಿ ನಾನು ಮೊದಲು ಕಂಡದ್ದು ಆ ಜಗಲಿಯಲ್ಲಿ.

ಚೀಲದಲ್ಲಿ ಏನಿದೆ

ರೋನ ಕೈಯಲ್ಲಿ ಬಂದೂಕಿಲ್ಲ, ಹೆಗಲಿಗೆ ಚೀಲ. ಅದರಲ್ಲಿ ಬ್ಯಾಂಡೇಜ್, ಸೋಂಕು ತಡೆಯಲು ಗಾಯಕ್ಕೆ ಉದುರಿಸುವ ಸಲ್ಫಾ ಪುಡಿ, ಮಾರ್ಫಿನ್. ಒಣಗಿಸಿದ ಪ್ಲಾಸ್ಮಾ (ರಕ್ತದ ದ್ರವಭಾಗ) ಸಿಕ್ಕರೆ ಶುದ್ಧ ನೀರಿನಲ್ಲಿ ಕಲಸಿ ರಕ್ತನಾಳಕ್ಕೆ ಬಿಡಬೇಕು. ಆ ಚಳಿಗೆ ದ್ರವವೇ ಹೆಪ್ಪುಗಟ್ಟುವ ಭಯ.

ಮಾರ್ಫಿನ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಫಾರ್ಮಕಾಲಜಿ ಪುಸ್ತಕದಲ್ಲಿ ಒಂದು ಸಾಲಾಗಿ ಓದಿ ದಾಟಿದ್ದು ಇಲ್ಲಿ ಮೈ ತಾಗುತ್ತದೆ. ಆಗಿನ ಸಿರೆಟ್ ಎಂದರೆ ಪುಟ್ಟ ಟೂತ್‌ಪೇಸ್ಟ್ ಟ್ಯೂಬಿನಂಥದ್ದು, ತುದಿಗೆ ಸೂಜಿ. ಚರ್ಮದಡಿ ಚುಚ್ಚಿ, ಟ್ಯೂಬನ್ನು ಹಿಂಡಬೇಕು. ಖಾಲಿಯಾದದ್ದನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸಬೇಕು, ಮುಂದಿನವರಿಗೆ ಒಂದು ಡೋಸ್ ಆಗಿದೆ ಎಂದು ಗೊತ್ತಾಗಲು. ಅದೇ ಅವರ ಡ್ರಗ್ ಚಾರ್ಟ್. ಚಳಿಯಲ್ಲಿ ಸಿರೆಟ್ ಗಟ್ಟಿಯಾಗದಿರಲು ಮೆಡಿಕ್‌ಗಳು ಅದನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

ಐದನೆಯ ಕಂತಿನ ಒಂದು ದೃಶ್ಯವನ್ನು ಇದರ ಜೊತೆಗಿಟ್ಟು ನೋಡಿ. ಕತ್ತಲಲ್ಲಿ ಕಾವಲುಗಾರ ತಪ್ಪಿ ಹಾರಿಸಿದ ಗುಂಡು ಒಬ್ಬ ಅಧಿಕಾರಿಗೆ ತಾಗುತ್ತದೆ. ಜೊತೆಗಿದ್ದ ಅಧಿಕಾರಿಗಳು ಗಾಬರಿಯಲ್ಲಿ ಮಾರ್ಫಿನ್ ಕೊಟ್ಟಿರುತ್ತಾರೆ, ಎಷ್ಟು ಎಂದರೆ ಲೆಕ್ಕ ಗೊತ್ತಿಲ್ಲ. ಸಾಮಾನ್ಯ ಮೆಡಿಕ್ ಆದ ರೋ ತನಗಿಂತ ಎಷ್ಟೋ ಮೇಲಿನ ದರ್ಜೆಯವರನ್ನು ಅಲ್ಲೇ ಗದರಿಸುತ್ತಾನೆ. ಅವರು ತಲೆ ತಗ್ಗಿಸಿ ಕೇಳುತ್ತಾರೆ. ಆ ಕೋಪದ ಹಿಂದೆ ಗಟ್ಟಿ ಕಾರಣ ಉಂಟು. ಶಾಕ್‌ನಲ್ಲಿರುವ (ರಕ್ತ ಹೋಗಿ ರಕ್ತದೊತ್ತಡ ಕುಸಿದ), ಮೈ ತಣ್ಣಗಾದ ಗಾಯಾಳುವಿನಲ್ಲಿ ಚರ್ಮದಡಿಯ ರಕ್ತಸಂಚಾರ ಬಹಳ ಕಡಿಮೆ. ಕೊಟ್ಟ ಮಾರ್ಫಿನ್ ಅಲ್ಲೇ ಕೂತಿರುತ್ತದೆ, ನೋವು ಇಳಿಯುವುದಿಲ್ಲ. ಇಳಿಯಲಿಲ್ಲವೆಂದು ಇನ್ನೊಂದು ಕೊಡುತ್ತಾರೆ. ಆಮೇಲೆ ಕಂಬಳಿ ಹೊದಿಸಿ, ಪ್ಲಾಸ್ಮಾ ಕೊಟ್ಟು, ರಕ್ತಸಂಚಾರ ಮರಳಿದಾಗ ಕೂತಿದ್ದದ್ದೆಲ್ಲ ಒಟ್ಟಿಗೆ ಹೀರಲ್ಪಟ್ಟು ಉಸಿರೇ ನಿಧಾನವಾಗುತ್ತದೆ. ಅದೇ ಯುದ್ಧಕಾಲದಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಈ ಅಪಾಯವನ್ನು ಗುರುತಿಸಿದ್ದರು. ಇವತ್ತು ನಮ್ಮ ಟ್ರಾಲಿಯಲ್ಲಿ ಮಾರ್ಫಿನ್ ಪರಿಣಾಮವನ್ನು ಇಳಿಸುವ ನಲೋಕ್ಸೋನ್ ಇರುತ್ತದೆ. ಅವರಿಗೆ ಅದು ಇರಲಿಲ್ಲ. ಶಾಕ್‌ನಲ್ಲಿ ಒಪಿಯಾಯ್ಡನ್ನು (ಮಾರ್ಫಿನ್ ಬಗೆಯ ಮದ್ದು) ಯಾಕೆ ರಕ್ತನಾಳಕ್ಕೇ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು ಎಂದು ವೈವಾದಲ್ಲಿ ಕೇಳಿದರೆ ಈ ದೃಶ್ಯ ನೆನಪಿಸಿಕೊಳ್ಳಿ, ಉತ್ತರ ತಾನಾಗಿ ಬರುತ್ತದೆ.

ಉಳಿದ ಎರಡು ವಿಷಯ ಚಿಕ್ಕದಾಗಿ. ಕಾಡಿನಲ್ಲಿ ಶೆಲ್‌ಗಳು ಮರದ ತುದಿಗೆ ತಾಗಿ ಸಿಡಿಯುತ್ತವೆ. ಕಬ್ಬಿಣದ ಚೂರಿನ ಜೊತೆ ಮರದ ಸಿಬಿರು ಈಟಿಯ ಹಾಗೆ ಮೇಲಿನಿಂದ ಕೆಳಗೆ ಬರುತ್ತದೆ, ನೆಲಕ್ಕೆ ಬೋರಲು ಬಿದ್ದವನಿಗೂ ರಕ್ಷಣೆಯಿಲ್ಲ. ಇನ್ನೊಂದು ಟ್ರೆಂಚ್ ಫೂಟ್: ದಿನಗಟ್ಟಲೆ ಒದ್ದೆ, ತಣ್ಣನೆಯ ಬೂಟಿನಲ್ಲಿದ್ದ ಪಾದ ಮರಗಟ್ಟಿ, ಊದಿ, ಕೊನೆಗೆ ಕೊಳೆಯಲು ತೊಡಗುತ್ತದೆ. ಗುಂಡು ತಾಗದೆಯೇ ಸೈನಿಕ ನಿಷ್ಪ್ರಯೋಜಕನಾಗುತ್ತಾನೆ. ತಡೆಯಲು ಬೇಕಾದದ್ದು ಒಣ ಕಾಲುಚೀಲ, ಆ ಕಾಡಿನಲ್ಲಿ ಇಲ್ಲದ್ದೂ ಅದೇ.

ಹೆಸರು, ಭಾಷೆ, ಕೈ

ಕಂತಿನ ಜೀವ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ರೋ ಅಮೆರಿಕದ ಲೂಸಿಯಾನ ರಾಜ್ಯದ, ಫ್ರೆಂಚ್ ಮೂಲದ ಕೇಜನ್ ಸಮುದಾಯದವನು, ಮನೆಯಲ್ಲಿ ಫ್ರೆಂಚ್ ಕೇಳಿ ಬೆಳೆದವನು. ಆ ರಾಜ್ಯದ 1921ರ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಒಂದೇ ಕಲಿಕೆಯ ಭಾಷೆ ಎಂದಿತು, ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ತುಕಡಿಯಲ್ಲಿ ಅವನು ಮಾತು ಕಡಿಮೆ, ಸ್ವಲ್ಪ ದೂರ. ಎಲ್ಲರೂ ಒಬ್ಬರನ್ನೊಬ್ಬರು ಅಡ್ಡಹೆಸರಿನಲ್ಲಿ ಕರೆದರೆ ಇವನು ಮನೆತನದ ಹೆಸರನ್ನೇ ಹಿಡಿದು ಕರೆಯುತ್ತಾನೆ. ‘ಬೇಬ್’ ಎಂದು ಎಲ್ಲರೂ ಕರೆಯುವವನು ಇವನಿಗೆ ಹೆಫ್ರನ್. ನಾಳೆ ಅವನದೇ ಎದೆಗೆ ಕೈಯೊತ್ತಿ ರಕ್ತ ತಡೆಯಬೇಕಾಗಬಹುದು ಎಂಬ ಹೆದರಿಕೆಯಿಂದ ಇಟ್ಟುಕೊಂಡ ಅಂತರ ಅದು ಎಂದು ನನಗನಿಸುತ್ತದೆ.

ಗಾಯಾಳುವನ್ನು ಊರೊಳಗಿನ ಚಿಕಿತ್ಸಾ ಕೇಂದ್ರಕ್ಕೆ ತಂದಾಗ ಅಲ್ಲಿ ರೆನೆ ಎಂಬ ಬೆಲ್ಜಿಯನ್ ನರ್ಸ್ ಸಿಗುತ್ತಾಳೆ. ಇಬ್ಬರಿಗೂ ಫ್ರೆಂಚ್ ಬರುತ್ತದೆ ಎಂದು ಗೊತ್ತಾದ ಕ್ಷಣ ಅವನ ಮುಖ ನೋಡಿ. ಕಾಸರಗೋಡಿನವರಿಗೆ ಆ ಮುಖ ಚೆನ್ನಾಗಿ ಗೊತ್ತು. ಒಂದು ಕಚೇರಿಯಲ್ಲಿ ಮಲಯಾಳ, ಇನ್ನೊಂದರಲ್ಲಿ ಇಂಗ್ಲಿಷ್ ಹುಡುಕಿ ಹುಡುಕಿ ಮಾತಾಡಿ ದಣಿದ ಮೇಲೆ, ಕೌಂಟರಿನ ಆಚೆಯಿಂದ ಯಾರೋ ಕನ್ನಡದಲ್ಲಿ ‘ಎಂತ ಆಗ್ಬೇಕಿತ್ತು?’ ಎಂದು ಕೇಳಿದಾಗ ಭುಜ ಇಳಿಯುತ್ತದಲ್ಲ, ಅದೇ.

ಇನ್ನೊಂದು ಕಡೆ ರೋ ತನ್ನ ಅಜ್ಜಿಯ ನೆನಪು ಹೇಳುತ್ತಾನೆ. ಆಕೆ ಕೈಯಿಟ್ಟು, ಪ್ರಾರ್ಥಿಸಿ ರೋಗ ಇಳಿಸುವವಳು. ಕೇಜನ್ ಜನ ಅಂಥವರನ್ನು ಟ್ರೆಟರ್ (traiteur, ಫ್ರೆಂಚಿನಲ್ಲಿ ಚಿಕಿತ್ಸೆ ಮಾಡುವವರು) ಎನ್ನುತ್ತಾರೆ. ಇದನ್ನು ಕೇಳಿ ನನಗೆ ಪೆರ್ಲದ ಕಡೆಯ ನಮ್ಮ ದೊಡ್ಡಜ್ಜಿ ಕಣ್ಣೆದುರು ಬಂದರು. ಸರ್ಪಸುತ್ತು ಆದವರು ಅವರ ಮನೆ ಹುಡುಕಿಕೊಂಡು ಬರುತ್ತಿದ್ದರು. ಗರಿಕೆ ಅರೆದು, ಬಾಯೊಳಗೇ ಏನೋ ಹೇಳಿಕೊಳ್ಳುತ್ತಾ, ಉರಿಯುವ ಜಾಗದ ಸುತ್ತ ಬೆರಳಾಡಿಸುತ್ತಿದ್ದರು. ಮಂತ್ರಕ್ಕೆ ವೈರಸ್ ಸಾಯುವುದಿಲ್ಲ. ಗುಳ್ಳೆ ಕಂಡ 72 ಗಂಟೆಯೊಳಗೆ ಆಸೈಕ್ಲೋವಿರ್ ಎಂಬ ವೈರಸ್ ವಿರೋಧಿ ಮದ್ದು ಶುರುವಾಗಬೇಕು ಎಂದು ನಾನು ಮನೆಯವರಿಗೆಲ್ಲ ಹೇಳುತ್ತಲೇ ಇರುತ್ತೇನೆ. ಆದರೆ ಅವರ ಮುಂದೆ ಕೂತವರ ಉಸಿರು ನಿಧಾನವಾಗುವುದನ್ನು ಚಿಕ್ಕಂದಿನಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ.

ಕಳೆದ ಪೋಸ್ಟಿಂಗ್‌ನಲ್ಲಿ ನಡೆದ ಒಂದು ಸಂಗತಿ. ಗಡಿ ಆಚೆಯಿಂದ ಬಂದ ಒಬ್ಬ ವಯಸ್ಸಾದ ಅಮ್ಮ, ಎಡಪಕ್ಕೆ ನೋವು. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬಂದವರೆಲ್ಲ ಕೇಳಿದರು, ಅವರು ಸುಮ್ಮನೆ ಕಿಟಕಿ ನೋಡಿದರು. ಚಾರ್ಟಿನಲ್ಲಿ ಆ ಜಾಗ ಖಾಲಿ. ನಾನು ಸ್ಟೂಲ್ ಎಳೆದು ಕೂತು, ಹೆಸರು ಹಿಡಿದು ಕರೆದು, ತುಳುವಿನಲ್ಲಿ ‘ಬೇನೆ ಉಂಡಾ?’ ಎಂದೆ. ಒಮ್ಮೆಲೇ ಮಾತು ಬಂತು. ಕಾದ ಕತ್ತಿ ಎಳೆದ ಹಾಗೆ, ಸೆರಗು ತಾಗಿದರೂ ಉರಿ, ಒಂದೇ ಪಕ್ಕ, ಬೆನ್ನಿನಿಂದ ಮುಂದಕ್ಕೆ. ಹೇಳಿದ ಹಾಗೆಯೇ ಬರೆದು ಡ್ಯೂಟಿ ಡಾಕ್ಟರಿಗೆ ತಿಳಿಸಿದೆ. ಎರಡನೆಯ ದಿನ ಅದೇ ದಾರಿಯಲ್ಲಿ ಗುಳ್ಳೆಗಳು ಎದ್ದವು. ಸರ್ಪಸುತ್ತು! ಔಷಧಿ ಹೊತ್ತಿಗೆ ಸರಿಯಾಗಿ ಶುರುವಾಯಿತು. ಉರಿ, ಸೆಳೆತ, ಚಳಕು, ಕೊರೆತ, ಹಿಂಡಿದ ಹಾಗೆ, ಸಿಡಿದ ಹಾಗೆ: ನಮ್ಮ ಮಾತಿನಲ್ಲಿ ನೋವಿಗೆ ಇಷ್ಟು ಬಗೆ ಇರುವಾಗ ಅಂಕವೊಂದನ್ನೇ ಕೇಳಿ ಬರಬೇಡಿ. ಇವುಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ರೆನೆ, ಆಗಸ್ಟಾ, ರಂಗರಾಜ್

ರೆನೆ ಲೆಮೇರ್ ನಿಜವಾಗಿ ಇದ್ದವಳು. 1944ರ ಡಿಸೆಂಬರ್ 24ರ ರಾತ್ರಿ ಚಿಕಿತ್ಸಾ ಕೇಂದ್ರದ ಮೇಲೆ ಬಾಂಬು ಬಿದ್ದು ಗಾಯಾಳುಗಳೊಂದಿಗೆ ತೀರಿಕೊಂಡಳು, ಆಗ ಅವಳಿಗೆ 30 ವರ್ಷ. ಕಂತಿನಲ್ಲಿ ಕೇಂದ್ರ ಇರುವುದು ಚರ್ಚಿನಲ್ಲಿ, ನಿಜದಲ್ಲಿ ಅವಳಿದ್ದದ್ದು ಬೀದಿಬದಿಯ ಒಂದು ಕಟ್ಟಡದಲ್ಲಿ. ಅವಳೂ ರೋನೂ ಭೇಟಿಯಾದದ್ದು ಕಥೆಗಾರರ ಕಲ್ಪನೆ. ಪರೀಕ್ಷೆಗೆ ಇತಿಹಾಸ ಬರೆಯುವಾಗ ಇವೆರಡನ್ನು ಕಲಸಬೇಡಿ.

ಕಂತಿನಲ್ಲಿ ಕ್ಷಣಮಾತ್ರ ಕಾಣುವ ಕಪ್ಪು ವರ್ಣದ ನರ್ಸ್ ಒಬ್ಬಳಿದ್ದಾಳೆ. ಅವಳ ಹಿಂದಿರುವ ನಿಜ ವ್ಯಕ್ತಿ ಆಗಸ್ಟಾ ಚಿವಿ, ತಂದೆ ಬೆಲ್ಜಿಯನ್, ತಾಯಿ ಆಫ್ರಿಕಾದವರು. ಅದೇ ಬಾಂಬಿಗೆ ಗೋಡೆಯಾಚೆ ಎಸೆಯಲ್ಪಟ್ಟೂ ಬದುಕಿ, ಮತ್ತೆ ಕೆಲಸಕ್ಕೆ ನಿಂತರು. ಬೆಲ್ಜಿಯಂ ಅವರನ್ನು ಗೌರವಿಸಿದ್ದು 2011ರಲ್ಲಿ, ತೀರಿಕೊಂಡದ್ದು 2015ರಲ್ಲಿ. ಅವರಿಗೆ ಕಂತು ಕೊಟ್ಟ ಜಾಗ ಬಹಳ ಕಡಿಮೆಯಾಯಿತು. ಈ ಕಂತಿನ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ.

ಪ್ಯಾರಾಶೂಟ್ ಮೆಡಿಕ್ ಎಂದರೆ ಅಮೆರಿಕದವರು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಸೈನ್ಯದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರಿನಲ್ಲಿ ಕೊರಿಯಾಕ್ಕೆ ಹೋಯಿತು. ಅದರ ಮುಖ್ಯಸ್ಥ ಡಾ. ಎ. ಜಿ. ರಂಗರಾಜ್ ತಮ್ಮ ಚಿಕ್ಕ ತಂಡದೊಂದಿಗೆ 1951ರ ಮಾರ್ಚ್ 23ರಂದು ಅಮೆರಿಕನ್ ಪ್ಯಾರಾಟ್ರೂಪರ್‌ಗಳ ಜೊತೆ ವಿಮಾನದಿಂದ ಹಾರಿ, ಇಳಿದ ಜಾಗದಲ್ಲೇ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ಅವರಿಗೆ ಮಹಾವೀರ ಚಕ್ರ ಬಂತು. ಮುಂದಿನ ಸೆಮಿನಾರಿಗೆ ಈ ವಿಷಯವನ್ನು ನಾನೇ ತೆಗೆದುಕೊಳ್ಳುತ್ತೇನೆ.

ಕೊನೆಯ ದೃಶ್ಯ

ಕ್ರಿಸ್‌ಮಸ್ ಹಿಂದಿನ ರಾತ್ರಿಯ ಹೊತ್ತಿಗೆ ರೋ ಸೋತಿರುತ್ತಾನೆ. ಮೆಡಿಕ್ ಎಂದು ಕೂಗಿದರೂ ಗುಂಡಿಯಿಂದ ಏಳಲಾರದೆ ಕೂತುಬಿಡುತ್ತಾನೆ. ಅವನನ್ನು ಹೇಡಿ ಎನ್ನುವವರು ಸತತ ನಾಲ್ಕು ನೈಟ್ ಡ್ಯೂಟಿ ಮಾಡಿ ಐದನೆಯದಕ್ಕೆ ಯೂನಿಫಾರ್ಮ್ ಹಾಕಿ ನೋಡಲಿ. ಊರಿಗೆ ಹೋದರೆ ಚರ್ಚು ಕುಸಿದಿದೆ, ಅವಶೇಷದಲ್ಲಿ ರೆನೆ ತಲೆಗೆ ಕಟ್ಟುತ್ತಿದ್ದ ನೀಲಿ ಬಟ್ಟೆ. ಎತ್ತಿಕೊಂಡು ಕಾಡಿಗೆ ಮರಳುತ್ತಾನೆ. ಬೂದು, ಬಿಳಿ, ಕಂದು ಬಿಟ್ಟು ಬೇರೆ ಬಣ್ಣವೇ ಇಲ್ಲದ ಕಂತಿನಲ್ಲಿ ಆ ನೀಲಿಯೊಂದು ಕಣ್ಣಿಗೆ ಅಂಟಿಕೊಳ್ಳುತ್ತದೆ. (ಆ ಕಾಡು ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿನಲ್ಲಿ ವಿಮಾನದ ಹ್ಯಾಂಗರಿನೊಳಗೆ ಕಟ್ಟಿದ ಸೆಟ್, ಹಿಮ ಕಾಗದದ್ದು. ಗೊತ್ತಾದ ಮೇಲೂ ನನಗೆ ಚಳಿ ಕಡಿಮೆಯಾಗಲಿಲ್ಲ.)

ಆಮೇಲೆ ಹೆಫ್ರನ್ನನ ಕೈಗೆ ಗಾಯ. ಕಟ್ಟಲು ಬ್ಯಾಂಡೇಜ್ ಇಲ್ಲ. ರೋ ಅವನನ್ನು ಮೊದಲ ಬಾರಿ ಬೇಬ್ ಎಂದು ಕರೆಯುತ್ತಾನೆ, ಕರೆಸಿಕೊಂಡವನಿಗೆ ಅದು ಥಟ್ಟನೆ ಗೊತ್ತಾಗುತ್ತದೆ. ರೋ ನೀಲಿ ಬಟ್ಟೆ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಒಂದು ಗಳಿಗೆ ತಡೆದು, ಹರಿಯುತ್ತಾನೆ. ಆ ಬಟ್ಟೆ ಹರಿಯುವ ಸದ್ದು ಕೇಳಲೆಂದೇ ಮೂರನೆಯ ಸಲ ನೋಡುವಾಗ ಲ್ಯಾಪ್‌ಟಾಪಿನ ಸದ್ದು ತೆರೆದಿಟ್ಟೆ.